ಜಯಲಕ್ಷ್ಮಿ ವಿಲಾಸದಲ್ಲಿ ದಿನಾ ದೀಪ ಹಚ್ಚೋರು ಬೇಕು

ಹಳೇ ಬಂಗಲೆ ಉಳಿಸೋದು ಅಂದ್ರೆ ನಮ್ಮಲ್ಲಿ ಒಂದ್ಸಲ ದೊಡ್ಡ ಅನುದಾನ ತಂದು, ರಿಪೇರಿ ಮಾಡಿಸಿ, ಫೋಟೋ ತೆಗೆಸ್ಕೊಂಡು ಸುಮ್ನಾಗೋದು ಅಂತಾಗ್ಬಿಟ್ಟಿದೆ. ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ನೋಡಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

1905ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ ಕಟ್ಟಿದ ಮನೆ. ಕುಕ್ಕರಹಳ್ಳಿ ಕೆರೆ ಹತ್ರ ದಿಬ್ಬದ ಮೇಲೆ ಕೂತಿದೆ, ಹೊರಗೆ ಯುರೋಪಿಯನ್ ಕಂಬಗಳು, ಒಳಗೆ ಕಲ್ಯಾಣ ಮಂಟಪ, ಅದರ ಮೇಲೆ ಎಂಟು ದಳದ ಗುಮ್ಮಟ, ಬಣ್ಣದ ಗಾಜು, ಕೆತ್ತನೆ ಬಾಗಿಲುಗಳಂತೂ ಲೆಕ್ಕಕ್ಕೆ ಸಿಗಲ್ಲ. ಮುಂದೆ ಯೂನಿವರ್ಸಿಟಿಗೆ ಬಂತು, ಜಾನಪದ ವಸ್ತುಸಂಗ್ರಹಾಲಯ ಆಯ್ತು. ಜಾನಪದ ವಿದ್ವಾಂಸ ಜೀಶಂಪ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥೋರು ಹಳ್ಳಿಹಳ್ಳಿಯಿಂದ ಹೊತ್ತು ತಂದ ಗೊಂಬೆ, ಸೋಮನ ಕುಣಿತದ ಮುಖವಾಡ, ರೈತರ ಸಾಮಾನೆಲ್ಲ ರಾಜಕುಮಾರಿ ಮನೆ ಸೇರಿದ್ವಲ್ಲ, ಅದು ನಂಗೆ ತುಂಬಾ ಇಷ್ಟದ ವಿಷಯ.

ಇನ್ಫೋಸಿಸ್ ಫೌಂಡೇಶನ್ ಕೋಟಿಗೂ ಮೀರಿ ಖರ್ಚು ಮಾಡಿ ಜೀರ್ಣೋದ್ಧಾರ ಮಾಡಿಸ್ತು. ಆಮೇಲೆ ಮತ್ತೆ ಸೋರಿಕೆ, ಮತ್ತೆ ಬಿರುಕು, ಮ್ಯೂಸಿಯಂ ಬಾಗಿಲು ಹಾಕೋ ಪರಿಸ್ಥಿತಿ ಬಂತು.

ಆ ಕಾಲದ ಮದ್ರಾಸ್ ತಾರಸಿ ಹೇಗಿರುತ್ತೆ ಅಂದ್ರೆ ತೇಗದ ತೊಲೆ ಮೇಲೆ ಇಟ್ಟಿಗೆನ ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಲಿ ಕೂರಿಸಿರ್ತಾರೆ. ಮಳೆನೀರು ಹೋಗೋ ಕೊಳವೆಲಿ ಎಲೆ ಕಟ್ಕೊಂಡ್ರೆ ಸಾಕು, ನೀರು ನಿಂತು ಒಳಗಿಳಿದು ಗೋಡೆಯೊಳಗಿರೋ ತೊಲೆ ತುದಿ ಕೊಳೆಯೋಕೆ ಶುರು, ಬಿರುಕಲ್ಲಿ ಅರಳಿ ಗಿಡ ಬೇರು ಬಿಟ್ರೆ ಮುಗೀತು. ಅದಕ್ಕೆ ಸಿಮೆಂಟ್ ಮೆತ್ತಿದ್ರೆ ತೇವ ಹೊರಗೆ ಬರೋಕೂ ದಾರಿ ಇಲ್ಲ. ಇದನ್ನ ತಡೆಯೋಕೆ ಕೋಟಿ ಬೇಡ, ಮಳೆಗಾಲಕ್ಕೆ ಮುಂಚೆ ತಾರಸಿ ಹತ್ತಿ ನೋಡೋ ಒಬ್ಬ ಮನುಷ್ಯ ಬೇಕು.

ಅದೇ ಊರಲ್ಲಿ ತಂಗಿ ಚೆಲುವಾಜಮ್ಮಣ್ಣಿಯವರ ಮನೆ ನೋಡಿ. 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಲ್ಲಿದೆ. ದಿನಾ ಜನ ಓಡಾಡ್ತಾರೆ, ಮುಂದಿನ ತೋಟ ಹಸಿರಾಗಿದೆ, ಎಲ್ಲಾದ್ರೂ ಸೋರಿದ್ರೆ ಅಲ್ಲಿ ಕೂತು ಕೆಲಸ ಮಾಡೋರ ಕಣ್ಣಿಗೆ ಮರುದಿನವೇ ಬೀಳುತ್ತೆ! ಲ್ಯಾನ್ಸ್‌ಡೌನ್ ಅನ್ನೋ ಮೈಸೂರಿನ ಹಳೇ ಬಿಲ್ಡಿಂಗ್ 2012ರಲ್ಲಿ ಕುಸಿದು ನಾಲ್ಕು ಜೀವ ಹೋದ ಮೇಲೂ ನಾವು ಈ ಪಾಠ ಕಲೀಲಿಲ್ಲ ಅಂದ್ರೆ ಏನು ಹೇಳೋದು.

ಹಾಗಾಗಿ ಮುಂದಿನ ರಿಪೇರಿ ದುಡ್ಡಿನ ಜೊತೇಲೇ ಪ್ರತಿವರ್ಷದ ನಿರ್ವಹಣೆಗೆ ಬೇರೆ ಹಣ ಇಡಿ, ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿಗೆ ಕಾಯಂ ಸಂಬಳ ಕೊಡಿ, ಜಾನಪದ ವಿಭಾಗದ ಕ್ಲಾಸುಗಳಲ್ಲಿ ಒಂದಷ್ಟನ್ನಾದ್ರೂ ಆ ರೂಮುಗಳಲ್ಲೇ ನಡೆಸಿ.