ಇಪ್ಪತ್ತು ನಿಮಿಷ, ಊಟಕ್ಕೆ ಸ್ಟಾಪ್

ಊಟಕ್ಕೆ ಕರೆಯುವ ಹೋಟೆಲಿನ ಬೋರ್ಡನ್ನು ಯಾರಾದರೂ ಗಲ್ಲುಮರಕ್ಕೆ ಹಾಕುತ್ತಾರಾ? ಇಂಗ್ಲೆಂಡಿನ ಸ್ಟ್ಯಾಮ್‌ಫರ್ಡ್ ಅನ್ನುವ ಸಂತೆ ಊರಿನಲ್ಲಿ ಹಾಕಿದ್ದಾರೆ. ರಸ್ತೆಯ ಈ ಬದಿಯಿಂದ ಆ ಬದಿಗೆ ಒಂದು ದೊಡ್ಡ ತೊಲೆ, ಅದರ ಮೇಲೆ ‘ದಿ ಜಾರ್ಜ್’ ಅಂತ ಹೆಸರು. ದಾರಿಗಳ್ಳರಿಗೆ ಎಚ್ಚರಿಕೆ, ಮರ್ಯಾದಸ್ಥರಿಗೆ ಸ್ವಾಗತ ಅಂತ ಅದರ ಅರ್ಥವಂತೆ. ತೊಲೆ ಎಷ್ಟೋ ಮೇಲಿತ್ತು. ಆದರೂ ನಾನು ತಲೆ ಬಗ್ಗಿಸಿಯೇ ದಾಟಿದೆ.

ಮಗಳು ಪೀಟರ್‌ಬರೋದಲ್ಲಿದ್ದಾಳೆ. ಅಲ್ಲಿಂದ ರೈಲಿನಲ್ಲಿ ಸುಮಾರು ಕಾಲು ಗಂಟೆ. ‘ಅಪ್ಪಾ, ಒಂದು ರಾತ್ರಿ ಹಳೇ ಇನ್‌ನಲ್ಲಿ ಇದ್ದು ನೋಡಿ’ ಅಂತ ಅವಳೇ ಬುಕ್ ಮಾಡಿದ್ದಳು. ರೇಟು ಎಷ್ಟು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಈಗಿನ ಕಟ್ಟಡದ ಮುಖ್ಯ ಭಾಗವನ್ನು 1597ರಲ್ಲಿ ಕಟ್ಟಿಸಿದವನು ಮೊದಲನೇ ಎಲಿಜಬೆತ್ ರಾಣಿಯ ಖಜಾಂಚಿ ಲಾರ್ಡ್ ಬರ್ಲಿ. 1645ರಲ್ಲಿ ಮೊದಲನೇ ಚಾರ್ಲ್ಸ್ ದೊರೆ ಇಲ್ಲಿ ಉಳಿದಿದ್ದ. ಆದರೆ ನನಗೆ ರಾಜರಿಗಿಂತ ಜಾಸ್ತಿ ಹಿಡಿಸಿದ್ದು ಬಾಗಿಲ ಹತ್ತಿರದ ಎರಡು ಕೋಣೆಗಳು. ಒಂದರ ಹೆಸರು ಲಂಡನ್, ಇನ್ನೊಂದರ ಹೆಸರು ಯಾರ್ಕ್. ಲಂಡನ್–ಯಾರ್ಕ್ ಹೆದ್ದಾರಿ ಈ ಊರಿನ ನಡುವೆಯೇ ಹಾದುಹೋಗುತ್ತಿತ್ತು. ದಿನಕ್ಕೆ 40 ಕುದುರೆ ಕೋಚು, ಹೋಗುವುದು 20, ಬರುವುದು 20. ದಕ್ಷಿಣಕ್ಕೆ ಹೋಗುವವರು ಈ ಕೋಣೆಯಲ್ಲಿ ಕಾಯಬೇಕು, ಉತ್ತರಕ್ಕೆ ಹೋಗುವವರು ಆ ಕೋಣೆಯಲ್ಲಿ. ನಮ್ಮ ಬಸ್ ಸ್ಟ್ಯಾಂಡಿನ ಪ್ಲಾಟ್‌ಫಾರಂ ನಂಬರೇ ಇದು, ಅಲ್ವಾ? ಮರದ ಹಲಗೆ ಹೊದಿಸಿದ್ದಾರೆ, ಅಷ್ಟೇ.

ಆ ಕಾಲದ ಪ್ರಯಾಣಿಕರಿಗೆ ಊಟಕ್ಕೆ ಸಿಗುತ್ತಿದ್ದದ್ದು ಸುಮಾರು ಇಪ್ಪತ್ತು ನಿಮಿಷ. ಕೆಲವು ಇನ್‌ಗಳಲ್ಲಿ ಬೇಕಂತಲೇ ಕುದಿಯುವ ಸೂಪು ತಂದಿಡುತ್ತಿದ್ದರು ಅಂತ ಕಥೆಗಳಿವೆ. ಅದು ಆರುವಷ್ಟರಲ್ಲಿ ಹೊರಡುವ ತುತ್ತೂರಿ. ದುಡ್ಡು ಕೊಟ್ಟಾಗಿದೆ, ಹೊಟ್ಟೆ ಖಾಲಿ. ಇದನ್ನು ಕೇಳಿ ನಾನು ನಕ್ಕಿದ್ದಕ್ಕೆ ಕಾರಣವಿದೆ. ಹೆದ್ದಾರಿ ಪಕ್ಕದ ಯಾವುದೋ ಹೋಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಬಿಸಿ ಸಾಂಬಾರು ಊದಿಕೊಂಡು ಕೂತಾಗ, ಕಂಡಕ್ಟರ್ ವಿಷಲ್ ಊದಿ, ಅರ್ಧ ಪ್ಲೇಟ್ ಇಡ್ಲಿ ಬಿಟ್ಟು ನಾನೂ ಓಡಿದವನೇ.

ನಿಲುಗಡೆಯ ಊರಿಗೆ ತಿಂಡಿಯ ಹೆಸರು ಅಂಟಿಕೊಳ್ಳುವುದೂ ಹಾಗೆಯೇ. ರೈಲು ನಿಂತಿದ್ದರಿಂದ ಮದ್ದೂರು ವಡೆ. ಕೋಚು ನಿಂತಿದ್ದರಿಂದ ಸ್ಟಿಲ್ಟನ್ ಚೀಸ್. ಇದೇ ಹೆದ್ದಾರಿಯಲ್ಲಿ ಇನ್ನೂ ದಕ್ಷಿಣಕ್ಕೆ ಸ್ಟಿಲ್ಟನ್ ಅನ್ನುವ ಊರಿದೆ. ಅಲ್ಲಿನ ಬೆಲ್ ಇನ್‌ನಲ್ಲಿ ಪ್ರಯಾಣಿಕರಿಗೆ ಮಾರಿ ಮಾರಿ ಆ ಚೀಸಿಗೆ ಊರಿನ ಹೆಸರೇ ಬಂತು. ತಮಾಷೆ ಏನೆಂದರೆ, ಇವತ್ತಿನ ಕಾನೂನಿನ ಪ್ರಕಾರ ಸ್ಟಿಲ್ಟನ್ನಿನಲ್ಲೇ ‘ಸ್ಟಿಲ್ಟನ್’ ಮಾಡುವ ಹಾಗಿಲ್ಲ! ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಬಿಟ್ಟರೆ ಬೇರೆಲ್ಲೂ ಇಲ್ಲ.

ರಾತ್ರಿ ಊಟದ ಮನೆಯಲ್ಲಿ ಬೆಳ್ಳಿಯ ಗಾಡಿಯೊಂದು ಮೇಜಿಂದ ಮೇಜಿಗೆ ಬರುತ್ತದೆ. ಗುಮ್ಮಟದಂಥ ಮುಚ್ಚಳ ಎತ್ತಿದರೆ ಒಳಗೆ ದೊಡ್ಡ ದನದ ಮಾಂಸದ ತುಂಡು, ಹಬೆಯಾಡುತ್ತಿರುತ್ತದೆ. ಎದುರಿಗೇ ಕೊಯ್ದು ಬಡಿಸುತ್ತಾರೆ. ನಾನು ಸಸ್ಯಾಹಾರಿ. ಗಾಡಿ ನಮ್ಮ ಮೇಜಿನ ಕಡೆ ತಿರುಗಿದಾಗ ಮಗಳು ಕೈ ಅಡ್ಡ ಮಾಡಿದಳು. ಅವರು ಮುಚ್ಚಳವನ್ನು ನಿಧಾನವಾಗಿ ಇಳಿಸಿ, ಒಂದು ಚೂರೂ ಸದ್ದಾಗದಂತೆ ಪಕ್ಕದ ಮೇಜಿಗೆ ಹೋದರು. ನನಗೆ ಬಂದಿದ್ದು ಬ್ರೆಡ್ಡು, ಬೆಣ್ಣೆ, ಅಣಬೆ. ಉಪ್ಪು ಖಾರ ನಾನೇ ಹಾಕಿಕೊಂಡೆ. ಆದರೆ ಯಾರೂ ಎಬ್ಬಿಸಲಿಲ್ಲ, ಎರಡು ಗಂಟೆ ಕೂತಿದ್ದೆವು.

ಒಳಗೆ ಡೇನಿಯಲ್ ಲ್ಯಾಂಬರ್ಟ್ ಎಂಬುವನ ಚಿತ್ರವಿದೆ. 335 ಕಿಲೋ ತೂಗುತ್ತಿದ್ದ ಮನುಷ್ಯ. 1809ರಲ್ಲಿ ಇದೇ ಊರಿನ ಇನ್ನೊಂದು ಇನ್‌ನಲ್ಲಿ ತೀರಿಕೊಂಡ. ಶವ ಹೊರಗೆ ತರಲು ಗೋಡೆ ಒಡೆಯಬೇಕಾಯಿತು. ಪೆಟ್ಟಿಗೆಗೆ ಚಕ್ರ ಜೋಡಿಸಿದ್ದರು. ಅವನು ಹೆಂಡ ಮುಟ್ಟುತ್ತಿರಲಿಲ್ಲ, ಬರೀ ನೀರು. ಯಾಕೋ ಅವನ ಮೇಲೆ ಪ್ರೀತಿ ಬಂತು.

ಆಮೇಲೆ ರೈಲು ಬಂತು, ಕೋಚು ನಿಂತವು. ಮುಖ್ಯ ರೈಲು ದಾರಿ ಪೀಟರ್‌ಬರೋ ಮೇಲೆ ಹೋಯಿತು. ಸ್ಟ್ಯಾಮ್‌ಫರ್ಡ್ ಮಂಕಾಯಿತು. ಹಳೇ ಕಲ್ಲಿನ ಮನೆಗಳು ಉಳಿದಿದ್ದೂ ಬಹುಶಃ ಅದರಿಂದಲೇ. 1967ರಲ್ಲಿ ಇಂಗ್ಲೆಂಡಿನ ಮೊದಲ ಸಂರಕ್ಷಿತ ಪ್ರದೇಶ ಅನ್ನಿಸಿಕೊಂಡಿತು. ಆದರೆ ಜಾರ್ಜ್ ಮಾತ್ರ ಹಾಸಿಗೆ ಹಾಸುವುದನ್ನು, ಊಟ ಬಡಿಸುವುದನ್ನು ಮುಂದುವರಿಸಿಕೊಂಡು ಬಂದಿದೆ.

ನನ್ನ ತಕರಾರು ಇಲ್ಲೇ ಇರುವುದು. ನಮ್ಮಲ್ಲಿ ಹಳೇ ಛತ್ರ ಅಂದರೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ, ಇಲ್ಲ ಬೀಗ ಹಾಕಿ ಬೋರ್ಡು ನೆಡುತ್ತೇವೆ. ಮಲಗುವವರಿಲ್ಲದ ಛತ್ರಕ್ಕೆ ಎಷ್ಟು ಸುಣ್ಣ ಬಳಿದರೇನು? ಬೆಂಗಳೂರು ರೈಲು ನಿಲ್ದಾಣದ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನನಗೆ ಇಷ್ಟವಾಗುವುದು ಇದಕ್ಕೇ. 1903ರಿಂದ ಜನ ಗಂಟುಮೂಟೆ ಹಿಡಿದು ಬಂದು ರೂಮು ಕೇಳುತ್ತಿದ್ದಾರೆ. ನಮ್ಮಪ್ಪ ಮೊದಲ ಕೆಲಸದ ಇಂಟರ್‌ವ್ಯೂಗೆ ಹೋದಾಗ ಅಲ್ಲೇ ಮಲಗಿದ್ದರು. ಸ್ಟ್ಯಾಮ್‌ಫರ್ಡಿನ ಕೋಚುಗಳ ಅನ್ನ ಕಿತ್ತುಕೊಂಡ ರೈಲೇ ನಮ್ಮ ಛತ್ರವನ್ನು ಹುಟ್ಟಿಸಿತು ನೋಡಿ.

ಬೆಳಿಗ್ಗೆ ಶುಕ್ರವಾರ, ಸಂತೆ ದಿನ. ಬ್ರಾಡ್ ಸ್ಟ್ರೀಟಿನಲ್ಲಿ ಸುತ್ತಾಡಿ, ಸೇಬು ಕೊಂಡು ವಾಪಸ್ ಬಂದು ಟ್ಯಾಕ್ಸಿಗೆ ಕಾಯುತ್ತಾ ಕೂತೆವು. ನಾನು ಹೋಗಬೇಕಿದ್ದದ್ದು ಲಂಡನ್ನಿಗೆ. ಕೂತಿದ್ದು ಯಾರ್ಕ್ ಕೋಣೆಯಲ್ಲಿ. ಇನ್ನೂರು ವರ್ಷದ ಹಿಂದೆಯಾಗಿದ್ದರೆ ಕೋಚಿನವನು ಬಿಟ್ಟೇ ಹೋಗುತ್ತಿದ್ದ.