ಸತ್ಯಾಂಶ: ಶಟ್‌ಡೌನ್ ಮಾಡಿದರೆ ಲ್ಯಾಪ್‌ಟಾಪ್ ಹೊಸದಾಗಿಯೇ ಶುರುವಾಗುತ್ತದೆಯೇ?

‘ಲ್ಯಾಪ್‌ಟಾಪ್ ನಿಧಾನವಾದರೆ ಅಥವಾ ಸ್ಲೀಪ್‌ನಿಂದ ಏಳದೆ ಸತಾಯಿಸಿದರೆ ರೀಸ್ಟಾರ್ಟ್ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಕೇಳಲು ಸರಿಯೆನಿಸಿದರೂ ವಿಂಡೋಸ್ ಇರುವ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಂಗತಿ ಇದಕ್ಕೆ ತಿರುಗುಮುರುಗಾಗಿದೆ.

2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟ್‌ಅಪ್’ ಎಂಬ ವ್ಯವಸ್ಥೆಯಿದೆ. ಅದು ಚಾಲೂ ಇದ್ದಾಗ ನಾವು ಶಟ್‌ಡೌನ್ ಒತ್ತಿದರೆ, ತೆರೆದಿಟ್ಟ ಕಾರ್ಯಕ್ರಮಗಳೇನೋ ಮುಚ್ಚುತ್ತವೆ. ಆದರೆ ವಿಂಡೋಸ್‌ನ ತಿರುಳಾದ ಕರ್ನೆಲ್ ಮತ್ತು ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳ) ಅಂದಿನ ಸ್ಥಿತಿಯು ಡಿಸ್ಕ್‌ನಲ್ಲಿ ಉಳಿದು, ಮರುದಿನ ಅದೇ ಸ್ಥಿತಿಯು ಮೆಮೊರಿಗೆ ಮರಳುತ್ತದೆ. ಹೀಗಾಗಿ ಕೆಟ್ಟು ಕುಳಿತ ಡ್ರೈವರ್ ರಾತ್ರಿ ಕಳೆದರೂ ಹಾಗೆಯೇ ಎದ್ದು ಬರಬಹುದು. ರೀಸ್ಟಾರ್ಟ್ ಮಾಡಿದಾಗ ಮಾತ್ರ ಈ ಉಳಿಕೆಯನ್ನು ಬಳಸದೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ನಂಬಿಕೆ ಬಾರದವರು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಪುಟದ ‘ಅಪ್ ಟೈಮ್’ ನೋಡಬಹುದು: ದಿನವೂ ಶಟ್‌ಡೌನ್ ಮಾಡುವವರ ಯಂತ್ರವೂ ಅಲ್ಲಿ ಹಲವು ದಿನಗಳಿಂದ ಎಚ್ಚರವಾಗಿರುವಂತೆ ಕಾಣಿಸುವುದುಂಟು.

ಪೂರ್ತಿ ಆರಿಸಲೇಬೇಕಾದರೆ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಆಯ್ಕೆ ಮಾಡಬೇಕು. ತೊಂದರೆ ಮರುಕಳಿಸುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಅನ್ನೇ ತೆಗೆದುಹಾಕಬಹುದು. ಆಗ ಆರಂಭ ತುಸು ತಡವಾದೀತು, ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ಅದೂ ಅಷ್ಟಾಗಿ ತಿಳಿಯದು. ಪವರ್ ಬಟನ್ ಅದುಮಿ ಹಿಡಿದು ಆರಿಸುವುದು ಪರದೆ ಸಂಪೂರ್ಣ ಸ್ತಬ್ಧವಾದಾಗಷ್ಟೇ ತಕ್ಕ ಉಪಾಯ, ಏಕೆಂದರೆ ಉಳಿಸದ ಕೆಲಸ ಅದರಿಂದ ಕಳೆದುಹೋಗುತ್ತದೆ.