ಲೈಟ್ ಆಫ್ ಮಾಡಿ, ಅಳಿಯ ಬಂದಿದ್ದಾರೆ

ಜಿರಳೆ ಕಂಡರೆ ನನಗೆ ಹೆದರಿಕೆ. ನಡೆಯುವ ಜಿರಳೆಯನ್ನು ಹೇಗೋ ಸುಧಾರಿಸಿಕೊಳ್ಳುತ್ತೇನೆ. ಹಾರುವ ಜಿರಳೆ ಕಂಡರೆ ಆಗುವುದೇ ಇಲ್ಲ. ನಮ್ಮ ಕಾಸರಗೋಡಿನಲ್ಲಿ ಮಾರ್ಚ್ ಬಂತೆಂದರೆ ಅವು ಹಾರಲು ಸುರು. ಜಿರಳೆಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲವಂತೆ, ಹೊರಗಿನ ಸೆಕೆಯೇ ಅದರ ಶಕ್ತಿ. ಅಂದರೆ ನಾವು ಬೆವರಿ ಸುಸ್ತಾಗಿ ಬಿದ್ದಾಗಲೇ ಅದಕ್ಕೆ ಹುರುಪು. ದೇವರ ಈ ಏರ್ಪಾಡು ನನಗೆ ಸರಿ ಕಂಡಿಲ್ಲ.

ನನ್ನಂಥವರು ಮದುವೆಗೆ ಮೊದಲು ಜಾತಕ ನೋಡಿದರೆ ಸಾಲದು, ಹೆಣ್ಣಿನ ಮನೆಯ ಸುತ್ತ ಎಂತ ಬೆಳೆ ಉಂಟೆಂದೂ ನೋಡಬೇಕು. ತೆಂಗಾದರೆ ಕುರುವಾಯಿ ದುಂಬಿ, ಗೇರಾದರೆ ಚಿಗಳಿ ಇರುವೆ. ಇವೆರಡೂ ಹೆಚ್ಚಾಗಿ ಮರದಲ್ಲೇ ಇರುತ್ತವೆ, ಮರ್ಯಾದಸ್ಥರು. ನನ್ನ ಮಾವನ ಮನೆ ಬಂದಡ್ಕ ಕಡೆ. ಸುತ್ತ ರಬ್ಬರ್.

ರಬ್ಬರ್ ಎಂದರೆ ಮುಪ್ಲಿ. ಮಲಯಾಳದವರು ಮುಪ್ಲಿ ವಂಡು ಎನ್ನುವ ಕಪ್ಪು ಹುಳ. ಉದ್ದ ಒಂದು ಸೆಂಟಿಮೀಟರೂ ಇಲ್ಲ. ಚಳಿಗಾಲದಲ್ಲಿ ಉದುರುವ ರಬ್ಬರ್ ಎಲೆ ತಿಂದು ಅಲ್ಲೇ ಸಂಸಾರ ಬೆಳೆಸುತ್ತದೆ. ಎಪ್ರಿಲ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ರಾತ್ರಿ ದೀಪ ಕಂಡ ಮನೆಗೆ ದಂಡೆತ್ತಿ ಬರುತ್ತದೆ. ಆಮೇಲೆ ಹಂಚಿನ ಸಂದಿ, ಅಟ್ಟ ಎಲ್ಲ ಅದರದ್ದೇ. ತಿಂಗಳುಗಟ್ಟಲೆ ಊಟವಿಲ್ಲದೆ ಮಲಗುತ್ತದೆ. ಕೇರಳದಲ್ಲಿ ಲೆಕ್ಕ ಹಾಕಿದವರು ಒಂದೊಂದು ಮನೆಯಲ್ಲಿ 5 ಲಕ್ಷದಿಂದ 40 ಲಕ್ಷಕ್ಕೂ ಜಾಸ್ತಿ ಎಂದಿದ್ದಾರೆ. ಎಣಿಸಿದವರಿಗೆ ನನ್ನ ದೊಡ್ಡ ನಮಸ್ಕಾರ.

ಬೇರೆಯವರ ಮನೆಯಲ್ಲಿ ಅಳಿಯ ಬಂದರೆ ಹೆಚ್ಚಿಗೆ ಒಂದು ಲೈಟ್ ಹಾಕುತ್ತಾರೆ. ಇಲ್ಲಿ ಇದ್ದದ್ದನ್ನೂ ಆಫ್ ಮಾಡುತ್ತಾರೆ. "ಅವರಿಗೆ ಹುಳ ಅಂದ್ರೆ ಆಗುವುದಿಲ್ಲ" ಎಂದು ಅತ್ತೆ ಮುಸ್ಸಂಜೆಗೇ ಅಪ್ಪಣೆ ಕೊಡುತ್ತಾರೆ. ಅಂಗಳದಲ್ಲಿ ಒಂದು ಬಲ್ಬು, ಅದರಡಿಗೆ ನೀರು ತುಂಬಿದ ಬಾಲ್ದಿ. ಹುಳಗಳಿಗೆ ಅಲ್ಲಿ ಬೆಳಕು, ನಮಗೆ ಒಳಗೆ ಕತ್ತಲೆ. ಆ ಕತ್ತಲೆಯಲ್ಲಿ ನನಗೆ ಹಲಸಿನ ಸೊಳೆ ಪಲ್ಯದ ಊಟ. ಹಲ್ಲಿಗೆ ಕಟುಂ ಎಂದು ಸಿಕ್ಕಿದ್ದು ಒಗ್ಗರಣೆಯ ಉದ್ದಿನಬೇಳೆಯೋ, ಸುಟ್ಟ ಮೆಣಸಿನ ತುಂಡೋ, ಮೂರನೆಯದೋ? ಕೇಳುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ. "ಇನ್ನೊಂದು ಸ್ವಲ್ಪ?" ಎಂದು ಸೌಟು ಕತ್ತಲೆಯಿಂದಲೇ ಬರುತ್ತದೆ.

"ಹೆದರಬೇಡಿ ಭಾವ, ಅದು ಕಚ್ಚುವುದಿಲ್ಲ" ಎನ್ನುತ್ತಾನೆ ಹೆಂಡತಿಯ ತಮ್ಮ. ಹೆದರದವರೆಲ್ಲ ಹೇಳುವುದು ಇದನ್ನೇ. ಕಚ್ಚುವುದಿಲ್ಲ ನಿಜ. ಆದರೆ ಮೈಮೇಲೆ ಜಜ್ಜಿ ಹೋದರೆ ಅದರ ರಸ ತಾಗಿ ಚರ್ಮ ಸುಟ್ಟ ಹಾಗಾಗುತ್ತದೆ. ಆ ವಿಷಯ ಅವನು ಮರುದಿನ ಬೆಳಿಗ್ಗೆ ಹೇಳಿದ.

ಒಂದು ಸ್ಪ್ರೇ ತರಲೇ ಎಂದು ಕೇಳಿದೆ. ಅತ್ತೆಯ ಮುಖ ಗಟ್ಟಿಯಾಯಿತು. ಗೇರಿನ ಚಿಗುರು ಹೀರುವ ಸಣ್ಣದೊಂದು ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ರವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟ್ ಆ ಮದ್ದನ್ನು ಇಡೀ ದೇಶದಲ್ಲಿ ನಿಲ್ಲಿಸಿದ್ದು 2011ರಲ್ಲಿ. ಅದರಿಂದ ಹಾಸಿಗೆ ಹಿಡಿದ ಮಕ್ಕಳನ್ನು ಅತ್ತೆ ನೋಡಿದ್ದಾರೆ. "ಹುಳ ಬೇಕಾದರೆ ಇರಲಿ, ಮದ್ದು ಬೇಡ" ಎಂದರು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಇಲ್ಲ.

ರಾತ್ರಿ ಸೊಳ್ಳೆಪರದೆಯೊಳಗೆ ತಲೆಗೊಂದು ಬೈರಾಸು ಸುತ್ತಿ ಮಲಗಿದೆ. ಮಾಡಿನಿಂದ ಪರದೆ ಮೇಲೆ ಟಪ್ ಟಪ್ ಎಂದು ಬೀಳುತ್ತಲೇ ಇತ್ತು. ಹನಿ ಮಳೆಯ ಹಾಗೆ, ಆದರೆ ಈ ಹನಿ ಬಿದ್ದ ಮೇಲೆ ನಡೆಯುತ್ತದೆ. ಹೆಂಡತಿ ಪಕ್ಕದಲ್ಲಿ ಗೊರಕೆ. ಹುಟ್ಟಿದ ಮನೆ ಅಲ್ವಾ, ಅವಳಿಗೆ ಜೋಗುಳ.

ಬೆಳಿಗ್ಗೆ ಅತ್ತೆ ಹಿಡಿಸೂಡಿ ಹಿಡಿದು ಗುಡಿಸುತ್ತಿದ್ದರು. ಸುಮ್ನೆ ನಿಲ್ಲಲು ನಾಚಿಕೆಯಾಗಿ ನಾನೂ ಒಂದು ತೆಗೆದುಕೊಂಡೆ. ಜಗಲಿ ಮುಗಿಸುವ ಹೊತ್ತಿಗೆ ವಿಚಿತ್ರವೊಂದು ಗೊತ್ತಾಯಿತು. ಹೆದರಿಕೆಯೇ ಇಲ್ಲ! ಒಂಟಿ ಜಿರಳೆ ಮೀಸೆ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತದೆ, ನನಗಾಗಿಯೇ ಬಂದಿರುತ್ತದೆ. ಲಕ್ಷ ಹುಳಕ್ಕೆ ಒಂದೊಂದಾಗಿ ಹೆದರುತ್ತ ಕುಳಿತರೆ ಗುಡಿಸುವವರು ಯಾರು? ಅದು ಹೆದರಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಮನೆಗೆಲಸದ ಲೆಕ್ಕಕ್ಕೆ ಬರುತ್ತದೆ. ಜಿರಳೆಯ ವಿಷಯದಲ್ಲಿ ಈ ಜ್ಞಾನದಿಂದ ಏನೂ ಪ್ರಯೋಜನವಾಗಿಲ್ಲ, ಆ ಮಾತು ಬೇರೆ.

ಬೈರಾಸಿನೊಳಗೆ ಒಂದು ನುಗ್ಗಿತ್ತೆಂದು ತಿಳಿದದ್ದು ಕುತ್ತಿಗೆ ಉರಿಯಲು ಸುರುವಾದಾಗ. ಕೆಂಪು ಗುರುತನ್ನು ಕಾಲರಿನಿಂದ ಮುಚ್ಚಿಕೊಂಡು ಕಾಸರಗೋಡಿನ ಬಸ್ ಹತ್ತಿದೆ. ಪಕ್ಕದ ಸೀಟಿನ ಹಿರಿಯರು ಬಗ್ಗಿ ನೋಡಿದರು.

"ಮುಪ್ಲಿಯಾ?"

ಹೌದು ಎಂದೆ.

"ಮಾವನ ಮನೆಯಾ?"

ಅದಕ್ಕೂ ಹೌದು ಎಂದೆ. ಅವರು ತಮ್ಮ ಅಂಗಿಯ ತೋಳು ಮೇಲೆತ್ತಿ ತೋರಿಸಿದರು. ಅವರದು ನನ್ನದಕ್ಕಿಂತ ದೊಡ್ಡದಿತ್ತು.